ನರದ ಕಡೆ ಒಳಗ

ಗ್ರೀಸ್ ದೇಶ ನಾ ಕಂಡಿಲ್ಲ.
ಕಂಡದ್ದು ಮೆಲ್ಬೋರ್ನಿನ ಒಂದು ಓಣಿ,
ಟ್ರಾಮು ತಿರುಗೋ ಮೂಲ್ಯಾಗ ಒಂದು ನೀಲಿ ಬೋರ್ಡು,
ಅದರ ಹಿತ್ತಲ ಬಾಗಿಲು,
ಬಾಗಿಲ ಹಿಂದ ಒಂಬತ್ತು ವರ್ಷ.

ಮುಂದಿನ ಖೋಲ್ಯಾಗ ಗೋಡಿ ತುಂಬ ಸಮುದ್ರ,
ಸುಣ್ಣ ಬಳದ ಮನಿ, ಪ್ಲಾಸ್ಟಿಕ್ಕಿನ ದ್ರಾಕ್ಷಿ ಗೊಂಚಲ.
ಹಿಂದ ಅಡಿಗಿಮನ್ಯಾಗ ಗ್ರೀಕರಂತ ಒಬ್ಬರೂ ಇಲ್ಲ.
ಕುರಿ ಮಾಂಸ ಸುಡಾಂವ ನೇಪಾಳದ ಪದಮ್,
ಬದನಿಕಾಯಿ ಪದರ ಕೂಡಸಾಕಿ ವಿಯೆಟ್ನಾಮಿನ ಹುಡುಗಿ,
ಸವತಿಕಾಯಿ ತುರದು, ಹಿಂಡಿ, ಮಸರಿಗೆ ಕಲಸಾಂವ
ಗಂಗಾವತಿ ನದಾಫರ ಹುಸೇನಪೀರ, ನಾನು.
ಬಂದ ಮಂದಿ ಕೇಳತಿದ್ರು:
ಪ್ಲೇಟು ಯಾವಾಗ ಒಡೀತೀರಿ?
ಮಾಲಕಿ ಎವ್ದೋಕಿಯಾ ಗಲ್ಲಾದಾಗ ಕುಂತು ಅಂತಿದ್ಲು:
ಪ್ಲೇಟಿಗೆ ಮೂರು ಡಾಲರ್. ಕೊಟ್ಟು ಒಡೀರಿ.

ಎಲ್ಲಾರೂ ನನ್ನ ಪೀಟರ್ ಮಾಡಿದ್ರು.
ಆಕಿ ಒಬ್ಬಾಕಿ ಪೀರಾ ಅಂತಿದ್ಲು.
"ನಮ್ಮ ಮಾತಿನ್ಯಾಗ ಪೀರಾ ಅಂದ್ರ 'ತಗೊಂಡೆ' ಅಂತ.
ಏನು ತಗೊಂಡ್ಯೋ, ಹುಡುಗಾ?"
ನಾ ಕಿಸೆ ಹೊಳ್ಳಿಸಿ ತೋರಸ್ತಿದ್ದೆ.
ಒಮ್ಮೊಮ್ಮೆ ಒಂದು ನಿಂಬಿಹಣ್ಣು ಉಳ್ಳತಿತ್ತು.

ಸೋಮವಾರ ಹೋಟೆಲು ಬಂದ್.
ಆವತ್ತ ಆಕಿ ಒಳಗ ಬರತಿದ್ಲು,
ಮೊಣಕಾಲಿಗೆ ಹಚ್ಚಿದ ಎಣ್ಣಿ ವಾಸನಿ ಮುಂದ, ಆಕಿ ಹಿಂದ.
ಉಪ್ಪುನೀರಿನ ಬರಣ್ಯಾಗಿಂದ ದ್ರಾಕ್ಷಿ ಎಲಿ ತಗದು
ಸ್ಟೀಲಿನ ಕಟ್ಟಿ ಮ್ಯಾಲ ಒಂದೊಂದ ಬಿಚ್ಚಿ ಹಾಸತಿದ್ಲು,
ಕೂಸಿಗೆ ಹಾಸಿದಂಗ.
"ಹೊಳಿಯೋ ಮೈ ಕೆಳಗ. ನರದ ಕಡೆ ಒಳಗ.
ಬಿಗಿ ಸುತ್ತಬ್ಯಾಡ.
ಅಕ್ಕಿ ಉಬ್ಬತೈತಿ, ಅದಕ್ಕೂ ಉಸಿರು ಬೇಕು."
ಬೆಂದ ಮ್ಯಾಲ ಮೊದಲನೇದು ತಾನ ತಿಂತಿದ್ಲು, ನಿಂತಕೊಂಡ,
ಕಿಟಕ್ಯಾಗಿನ ಟ್ರಾಮು ನೋಡಕೋಂತ.
ಪ್ರತಿ ಸೋಮವಾರ ಅದ ತೀರ್ಪು:
"ಉಪ್ಪು ಸರಿ ಐತಿ. ಎಲಿ ಸರಿ ಇಲ್ಲ."

ಈಗ ಗಂಗಾವತ್ಯಾಗ, ರೈಸ್‌ಮಿಲ್ಲಿನ ಸಾಲಿನ್ಯಾಗ
ನಂದೊಂದು ತಗಡಿನ ಹೋಟೆಲು.
ಮುಂಜಾನಿ ಸುಸಲಾ ಮಿರ್ಚಿ, ಸಂಜೀಕ ಬರೇ ಮಿರ್ಚಿ.
ತೌಡಿನ ಧೂಳು ಚಹಾದ ಮ್ಯಾಲ ಕೆನಿ ಕಟ್ಟತೈತಿ.
ಹಮಾಲರು ಕೇಳತಾರ: ಅಲ್ಲಿ ಏನು ಮಾಡತಿದ್ದೀಪಾ?
ಮಸರಾಗ ಸವತಿಕಾಯಿ ಹಾಕತಿದ್ದೆ.
ಅದಕ್ಕ ಅಷ್ಟು ದೂರ ಹೋಗಿದ್ಯಾ!

ಹೋದ ಬ್ಯಾಸಗ್ಯಾಗ ಕುಷ್ಟಗಿ ಕಡೆ ಹೋಗಿದ್ದೆ.
ಚಾಟ್ನಿ ಮುಗಿದು ತಿಂಗಳಾಗಿತ್ತು,
ಬಳ್ಳಿ ತುಂಬ ಎಳೀ ಎಲಿ.
ಬಿಸಲಿಗೆ ಹಿಡದು ನೋಡಿದೆ, ನರ ಕಂಡವು.
ತ್ವಾಟದ ಮುದುಕನಗೌಡ ನಕ್ಕ:
"ಎಲ್ಲಾರೂ ಹಣ್ಣು ಕೇಳತಾರ, ನೀ ಎಲಿ ಕೇಳತಿ.
ಆಡು ಸಾಕೀಯೇನು?"
ಆಮ್ಯಾಲ ದನಿ ತಗ್ಗಿಸಿ, "ಈ ಸಾಲಿಗೆ ಔಷಧಿ ಹೊಡದೈತಿ, ಮುಟ್ಟಬ್ಯಾಡ.
ಬಾವಿ ಕಡೆ ಒಂದು ಬಳ್ಳಿ ತಾನ ಹುಟ್ಟಿ ತಾನ ಹಬ್ಬೈತಿ,
ಬೇಕಾದಷ್ಟು ಹರಕೋ."

ಒದ್ದಿ ಅರಿವ್ಯಾಗ ಸುತ್ತಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡ ತಂದೆ.
ನಮ್ಮ ಮಿಲ್ಲಿನ ಸೋನಾ ಅಕ್ಕಿ, ಉಳ್ಳಾಗಡ್ಡಿ,
ಸಬ್ಬಸಗಿ ಎರಡು ಸೂಡು, ನಿಂಬಿಹಣ್ಣು (ಈ ಸಲ ಕೊಂಡದ್ದು).
ಆಲಿವ್ ಎಣ್ಣಿ ಎಲ್ಲಿಂದ ತರಲಿ, ಶೇಂಗಾ ಎಣ್ಣಿ ಹೊಯ್ದೆ.
ಸುತ್ತಿದೆ. ಬೆರಳಿಗೆ ನೆನಪಿತ್ತು,
ನನಗ ಅಷ್ಟು ಇರಲಿಲ್ಲ.

ಮೊದಲನೇದು ತಿಂದಾಕಿ ಮಿಲ್ಲಿನ್ಯಾಗ ನುಚ್ಚು ಕೇರೋ ಹುಲಿಗೆವ್ವ.
ತಿರುಗಿಸಿ ಮುರುಗಿಸಿ ನೋಡಿದ್ಲು,
"ಪುಂಡಿಪಲ್ಯಕ್ಕ ಅಂಗಿ ತೊಡಿಸಿಯಲ್ಲೋ" ಅಂದ್ಲು.
ಕಡದ್ಲು. ನಿಂತಕೊಂಡ ಅಗದ್ಲು,
ಲೋಡು ಹೊಂಟಿದ್ದ ಲಾರಿ ನೋಡಕೋಂತ.
"ಎಲಿ ಸರಿ ಐತಿ.
ಉಪ್ಪು ಸರಿ ಇಲ್ಲ."

ಇದನ್ನ ಯಾರಿಗೆ ಹೇಳಲಿ?
ಆ ಹೋಟೆಲು ಈಗ ಬ್ಯಾರೇಯವರ ಕೈಯಾಗ ಐತಂತ,
ಬೋರ್ಡು ಮಾತ್ರ ನೀಲೀನ ಐತಂತ,
ಪದಮ್ ಫೋನ್ ಮಾಡಿದ್ದ.
ಮುದುಕಿ ಸುದ್ದಿ ಆಂವ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೋಗಾಣ್ಯಾಗ ಹನ್ನೊಂದು ಉಳದಿದ್ದವು.
ಮೊಮ್ಮಗಳಿಗಂತ ಎರಡು ಸೆರಗಿನ ತುದಿಗೆ ಕಟಗೋಂತ
ಹುಲಿಗೆವ್ವ ಅಂದ್ಲು: "ತಗೊಂಡೆ ನೋಡಪಾ."

ಯಾರೋ ಹೆಸರು ಹಿಡದು ಕರದಂಗಾಗಿ
ಹೊಳ್ಳಿ ನೋಡಿದೆ.