ಒಂದನೇ ತಾರೀಖು

ಮುದಗಲ್ಲಿನ ನಮ್ಮ ಸಾಲೆಯ ಹಳೆ ಬೀರುವಿನಲ್ಲಿ
ಗೆದ್ದಲು ತಿಂದುಳಿಸಿದ ಒಂದು ದಾಖಲಾತಿ ಪುಸ್ತಕ.
ಉರ್ದು. ನಿಜಾಮನ ಕಾಲದ್ದು.
ಎಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಆದೇಶ.
ಏರಿಸಬೇಕಾದವಳು ನಾನು, ಗುಮಾಸ್ತೆ,
ಅಲಿಫ್ ಯಾವುದು ಮೊಳೆ ಯಾವುದು ತಿಳಿಯದವಳು.

ಗಡಿಯಾರ ರಿಪೇರಿಯ ದಸ್ತಗೀರಸಾಬರ
ಡಬ್ಬಿ ಅಂಗಡಿಗೆ ಒಯ್ದೆ.
ಎಂಬತ್ತೇಳು ವಯಸ್ಸು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಬಲದಿಂದ ಎಡಕ್ಕೆ ನಡೆಯತೊಡಗಿದರು.
"ಇದೇ ಸಾಲ್ಯಾಗ ನಾನು ಪೈಲಾ ನಂಬರ್ ಇದ್ದೆ ಯವ್ವ.
ಕನ್ನಡ ಬಂತು ನೋಡು, ಮರುದಿನಕ್ಕ ಹೆಬ್ಬೆಟ್ಟು."
ನಗುತ್ತಲೇ ಅಂದರು. ಸಾಸಿವೆಯಷ್ಟು ಸಣ್ಣ ಸ್ಕ್ರೂ ಒಂದು
ಅವರ ಅಂಗೈಯಲ್ಲೇ ಇತ್ತು ಆಗ.

ಹದಿನೇಳನೇ ಪುಟ. ನನ್ನ ಅಜ್ಜ.
ಅಮರಪ್ಪ, ತಂದೆ ಕರಿಯಪ್ಪ, ಊರ ಹೊರಗಿನ ಓಣಿ.
ಹುಟ್ಟಿದ್ದು: ಆಜೂರ್ ಒಂದು,
ಫಸಲಿ ಸಾವಿರದ ಮುನ್ನೂರ ನಲವತ್ತೆರಡು.
ಅದರ ಮೇಲಿನ ಸಾಲು: ವೆಂಕಟರಾಯ, ದೇಸಾಯರ ವಾಡೆ,
ತಿಂಗಳು, ತಿಥಿ, ನಸುಕಿನ ಎಷ್ಟು ಗಳಿಗೆ,
ಜಾತಕ ಬಿಚ್ಚಿಟ್ಟು ಬರೆಸಿದ್ದು.
ಕೆಳಗೆ ನಮ್ಮ ಓಣಿಯ ಇನ್ನೂ ಐವರು,
ಐವರಿಗೂ ಆಜೂರ್ ಒಂದು.
"ಆಜೂರ್ ಅಂದ್ರ?"
"ಸರಕಾರದ ವರ್ಷದ ಪೈಲಾ ತಿಂಗಳು. ಬರಿಯಾವಂಗ ಹಗುರ."

ನಾನೂ ಜೂನ್ ಒಂದು.
ಆ ವರ್ಷ ನನ್ನ ಜೊತೆ ಸೇರಿದ ಓಣಿಯ ಒಂಬತ್ತು ಮಂದಿಯೂ.
ಅವ್ವನಿಗೆ ಗೊತ್ತಿತ್ತು: ಬಿಳಿಜೋಳದ ತೆನೆ ಹಾಲು ತುಂಬಿತ್ತು,
ಸೀತನಿ ಸುಡುವ ಹೊಗೆಯಲ್ಲಿ ನೋವು ಸುರುವಾಯಿತು.
ಹೆಡ್ ಮಾಸ್ತರರ ಖಾನೆಯಲ್ಲಿ ಸೀತನಿ ಹಿಡಿಸಲಿಲ್ಲ.
ಬರುವ ಮೇ ಮೂವತ್ತೊಂದಕ್ಕೆ ನನ್ನ ನಿವೃತ್ತಿ.
ತಾಲೂಕಿನ ತುಂಬ ಅವತ್ತು ಶಾಲು, ಹಾರ, ಫೋಟೋ;
ಹೂವಿನ ರೇಟು ಏರುತ್ತದೆ.
ಜೂನ್ ಎರಡು ಅಂತ ಬರೆದಿದ್ದರೂ ಸಾಕಿತ್ತು,
ಇನ್ನೊಂದು ತಿಂಗಳ ಪಗಾರ.

ಸಾಬರು ಕೊನೆಯ ಖಾನೆಗೆ ಬಂದರು. ಸಾಲೆ ಬಿಟ್ಟ ಕಾರಣ.
ವೆಂಕಟರಾಯ: ಹೈದರಾಬಾದ್, ತಾಲೀಮು.
ತಾಲೀಮೆಂದರೆ ನನಗೆ ಗರಡಿಮನೆ, ಅಲಾಯಿ ಕುಣಿತ.
"ಅಲ್ಲವ್ವ, ಓದು."
ಅಮರಪ್ಪ:
ಭೂತಗನ್ನಡಿ ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿ,
"ನೌಕರಿ" ಅಂದರು.

ಏಳು ವರ್ಷದವನಿಗೆ ನೌಕರಿ.
ದೇಸಾಯರ ಕೊಟ್ಟಿಗೆಯಲ್ಲಿ, ವರ್ಷಕ್ಕೆ
ಎರಡು ಚೀಲ ಜೋಳ, ಒಂದು ಕಂಬಳಿ.
ಅಜ್ಜ ಅದನ್ನು ಜೀತ ಅನ್ನುತ್ತಿದ್ದ.
ನಮ್ಮ ಮನೆಗೆ ನೌಕರಿ ತಂದವಳು ನಾನೇ ಮೊದಲು ಎಂದು
ಮೂವತ್ತನಾಲ್ಕು ವರ್ಷ ಬೀಗಿ ನಡೆದಿದ್ದೆ.

ಏರಿಸಿದೆ. ಹೇಗಿತ್ತೋ ಹಾಗೆ.

ಈಗಿನ ಮಕ್ಕಳಿಗೆ ತಾರೀಖಿನ ತೊಂದರೆಯಿಲ್ಲ.
ಆರನೇ ಇಯತ್ತೆಯ ಶಾವಂತ್ರಿ:
ಲಿಂಗಸುಗೂರು ಸರಕಾರಿ ದವಾಖಾನೆ, ರಾತ್ರಿ ಎರಡು ನಲವತ್ತು,
ತೂಕ ಎರಡು ಕಿಲೋ ನೂರು ಗ್ರಾಂ.
ದೇಸಾಯರ ಜಾತಕಕ್ಕೂ ಇಷ್ಟು ನಿಖರ ಇರಲಿಕ್ಕಿಲ್ಲ.
ಶ್ರಾವಣ ಹುಟ್ಟಿದ ಮೇಲೆ ಬಂದಿಲ್ಲ.
ಬೀಜದ ಹತ್ತಿ. ಹೂವಿಗೆ ಹೂವು ಮುಟ್ಟಿಸಲು
ಸಣ್ಣ ಬೆರಳೇ ಬೇಕಂತೆ.
ಫೋನಿನಲ್ಲಿ ಅವಳವ್ವ: "ದಸರಾ ಮಟ ರೀ ಅಕ್ಕೋರೆ, ಅಷ್ಟ."

ಗೈರುಹಾಜರಿಗೆ ಕಾರಣ ಆರಿಸಿ, ಎನ್ನುತ್ತದೆ ಪರದೆ.
ಜ್ವರ. ಹಬ್ಬ. ವಲಸೆ. ಇತರೆ.
ಹೊರಗೆ ಹತ್ತಿಹೊಲದ ಟಂಟಂ
ಇನ್ನೊಬ್ಬರಿಗಾಗಿ ಹಾರ್ನ್ ಹೊಡೆಯುತ್ತ ನಿಂತಿದೆ.
ಮೇಜಿನ ಕೆಳಗೆ ಕಾಲಿನಿಂದ ತಡಕಾಡುತ್ತಿದ್ದೇನೆ,
ಒಂದು ಚಪ್ಪಲಿ ಸಿಕ್ಕಿದೆ.