ಎಡಜೇಬಿನ ಸೀಸೆ

ನಾಲ್ಕೂ ಮುಕ್ಕಾಲಿಗೆ ಡಿಪೋ ಗೇಟು.
ಊದುವ ಯಂತ್ರ ಹಿಡಿದು ನಿಂತಿದ್ದಾನೆ ಕೆಂಚವೀರ.
ಡ್ರೈವರ್ ಜಬೀವುಲ್ಲಾ ಊದಿದರು, ಸೊನ್ನೆ.
ಇವತ್ತಿಂದ ಕಂಡಕ್ಟರೂ ಊದಬೇಕಂತೆ.
ಆಗಷ್ಟೇ ಕೈಗೆ ಹಚ್ಚಿಕೊಂಡಿದ್ದೆ,
ಹಸಿ ಕೈಯಲ್ಲೇ ಯಂತ್ರ ಹಿಡಿದು ಊದಿದೆ;
ಕುಂಯ್ ಅಂತು.

"ಏನಕ್ಕಾ, ಇಷ್ಟೊತ್ತಿಗೇನಾ?"
ನಾಲ್ಕು ಜನ ತಿರುಗಿದರು, ಒಬ್ಬ ನಕ್ಕ.
ಮದುವೆಮನೆ ಪಾನಕವನ್ನೂ
ಮೂಸಿ ನೋಡಿ ಕುಡಿಯೋಳು ನಾನು.
ಎಡಜೇಬಿನ ಸೀಸೆ ತೆಗೆದು ತೋರಿಸಿದೆ,
ಕೈ ಒಣಗಲಿ ಇರಪ್ಪ ಅಂದೆ.
ಹತ್ತು ನಿಮಿಷ ಹೊಂಗೆಮರದ ಕೆಳಗೆ
ಅಂಗೈ ಬಿಚ್ಚಿ ನಿಂತೆ,
ಕಣಿ ಕೇಳೋಳ ಹಾಗೆ.
ಮತ್ತೆ ಊದಿದೆ. ಸೊನ್ನೆ.

ಮೊದಲೆಲ್ಲ ನಾಲಗೆಯೇ ನಮ್ಮ ನೀರಿನ ಬಟ್ಟಲು.
ಬೆರಳು ತುಟಿಗೆ, ತುಟಿಯಿಂದ ಟಿಕೆಟ್ಟಿಗೆ,
ಟಿಕೆಟ್ಟು ನಿಮ್ಮ ಕೈಗೆ,
ಅಲ್ಲಿಂದ ಮಡಿಲ ಮಗುವಿನ ಬಾಯಿಗೆ.
ಎಷ್ಟು ಮನೆಗೆ ಜ್ವರ ಹಂಚಿದೆನೋ,
ಚಿಲ್ಲರೆಗೆ ಬರೆದಿಟ್ಟಂತೆ ಅದಕ್ಕೆ ಲೆಕ್ಕ ಬರೆದಿಟ್ಟಿಲ್ಲ.
ಈಗ ಟಿಕೆಟ್ಟನ್ನ ಮೆಶೀನು ಉಗುಳುತ್ತೆ,
ನಾನು ಉಗುಳು ಹಚ್ಚಲ್ಲ.

ಜಾಲಹಳ್ಳಿ ಕ್ರಾಸಲ್ಲಿ ಒಂದು ಒತ್ತು.
ಅಂಗೈಗೆ ಅಂಗೈ, ಬೆರಳ ಸಂದಿ,
ಎಲ್ಲರೂ ಮರೆಯೋ ಹೆಬ್ಬೆರಳಿಗೆ ಒಂದು ತಿರುವು,
ಉಗುರ ತುದಿ ಅಂಗೈಯಲ್ಲಿ ಕೆರೆದು.
ಸೆಕೆಂಡು ಎಣಿಸೋಕೆ ಎಲ್ಲಿ ಪುರುಸೊತ್ತು,
ಸಿಗ್ನಲ್ಲಿಂದ ಮುಂದಿನ ಸ್ಟಾಪಿಗೆ ಒಣಗುತ್ತೆ.
ಜಾಮಾದರೆ ಮೂರು ಸಲ ಒಣಗುತ್ತೆ.

ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿದ ಲೇತಿನ ಹುಡುಗರು,
ಗ್ರೀಸು ಮೆತ್ತಿದ ಇಪ್ಪತ್ತರ ನೋಟು.
"ಅಕ್ಕ, ನಂಗೂ ಒಂದು ತೊಟ್ಟು."
ಹಾಕಿದೆ. ಕಪ್ಪು ಹೋಗಲಿಲ್ಲ, ಮೊಣಕೈವರೆಗೂ ಹರಡಿತು.
"ಅದಕ್ಕೆ ಸೋಪು ಬೇಕು ಮಗಾ, ನಲ್ಲಿ ಬೇಕು.
ಇದು ಕಣ್ಣಿಗೆ ಕಾಣದ ಕೊಳೆಗೆ."
ಅಂದಮೇಲೆ ಆ ಮಾತು
ಟಿಕೆಟ್ಟೂ ತಗೊಳ್ಳದೆ ನನ್ನ ಜೊತೆಗೇ ಬಂತು.

ಗೊರಗುಂಟೆಪಾಳ್ಯದಲ್ಲಿ ಒಂದು ಅಜ್ಜಿ,
ಎಲೆಯಡಿಕೆ ಚೀಲ, ಆಧಾರ್ ಕಾರ್ಡು.
ಸೊನ್ನೆ ಟಿಕೆಟ್ ಕೊಟ್ಟು ಕೈ ಉಜ್ಜುತ್ತಿದ್ದರೆ
ಸೆರಗು ಸರಿಮಾಡಿ, ಬಲಗೈ ಬಟ್ಟಲು ಮಾಡಿ ಚಾಚಿತು.
ತೊಟ್ಟು ಬಿದ್ದದ್ದೇ ತುಟಿ ಹತ್ತಿರ ಒಯ್ದಿತು.
"ಅಯ್ಯೋ ಅಜ್ಜೀ, ತೀರ್ಥ ಅಲ್ಲ, ಕುಡೀಬೇಡಿ!"
ಬಸ್ಸಿಗೆ ಬಸ್ಸೇ ನಕ್ಕಿತು.
"ಮೂಸ್ತಿದೀನಿ ಕಣೆ.
ಈ ವಾಸನೆ ಗೊತ್ತಿಲ್ವಾ ನಂಗೆ,
ಮೂವತ್ತು ವರ್ಷ ಇದರ ಪಕ್ಕದಲ್ಲೇ ಮಲಗಿದ್ದೆ."

ಆಮೇಲೆ ಯಾರೂ ನಗಲಿಲ್ಲ.

ಯಶವಂತಪುರ, ಯಾರ್ಡಿನ ಗೇಟು.
ಇಲ್ಲೇ ಅಪ್ಪ ಆಲೂಗಡ್ಡೆ ಮೂಟೆ ಹೊರುತ್ತಿದ್ದದ್ದು.
ಸಂಜೆ ಸಾರಾಯಿ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಹರಿದು
ಪುಚಕ್ಕಂತ ಉಗಿದರೆ
ನಾನೂ ತಂಗಿ ಹೊನ್ನುವೂ ಮಂಚದ ಕೆಳಗೆ.
ಈಗ ದಿನಕ್ಕೆ ನಲವತ್ತು ಸಲ
ಅದೇ ವಾಸನೆ ನನ್ನದೇ ಕೈಯಲ್ಲಿ.
ಕಂಪನಿಯವರು ಲಾವಂಚದ ಘಮ ಬೆರೆಸಿದ್ದಾರೆ, ಪಾಪ;
ಘಮ ಮೊದಲು ಆರುತ್ತೆ,
ಅಡಿಯಲ್ಲಿ ಅಪ್ಪ ಇರ್ತಾನೆ.

ಒಂದು ದಿನ, ಒಂದೇ ಒಂದು ದಿನ,
ರೈಲು ಹಳಿಯ ಜಲ್ಲಿ ಮೇಲೆ ಬಿದ್ದು ಮಂಡಿ ಸಿಗಿದುಕೊಂಡು ಬಂದೆ.
ಅಪ್ಪನ ಕೈಯಲ್ಲಿ ಅರ್ಧ ಪ್ಯಾಕೆಟ್ಟು.
ನನ್ನ ನೋಡಿದ, ಪ್ಯಾಕೆಟ್ಟು ನೋಡಿದ,
ಮಂಡಿ ಮೇಲೆ ಹಿಂಡಿದ.
ಊರೇ ಕೇಳೋ ಹಾಗೆ ಕಿರುಚಿದೆ.
"ಉರೀಲಿ ಕೂಸೇ, ಉರಿದರೆ ಹುಳ ಸಾಯ್ತವೆ."
ಬಗ್ಗಿ, ಕೆಂಗಣ್ಣು ಕಿರಿದು ಮಾಡಿ,
ಊದಿದ.
ಮತ್ತೆ ಊದಿದ.

ಅವನು ಒಳ್ಳೆಯವನು ಅಂತ ಹೇಳ್ತಿಲ್ಲ.
ಅಷ್ಟು ದೊಡ್ಡ ಸೀಸೆ ಅಲ್ಲ ಇದು.

ಇವತ್ತು ಹೆಬ್ಬೆರಳ ಪಕ್ಕ ಸಣ್ಣ ಗಾಯ,
ಮೆಶೀನಿನ ಅಂಚು ತಾಕಿದ್ದು.
ಸುಜಾತ ಟಾಕೀಸ್ ಹತ್ತಿರ ತೊಟ್ಟು ಬಿದ್ದಾಗ ಚುರ್ರೆಂದಿತು.
ಕನ್ನಡಿಯಲ್ಲಿ ಜಬೀವುಲ್ಲಾ ಕೇಳಿದರು,
ಏನಾಯ್ತಮ್ಮ.
ಏನಿಲ್ಲ ಅಣ್ಣ, ರೈಟ್ ರೈಟ್ ಅಂದೆ,
ಬೆರಳ ಮೇಲೆ ಊದಿಕೊಂಡೆ.
ಹಿಂದೆ ಮೂರು ಜನ ಹೊಸಬರು.
ಯಾರ್ರೀ ಟಿಕೆಟ್.