ಏರೀತು

ದುರ್ಗಿಗುಡಿಯಲ್ಲಿ ಗಡಿಯಾರ ರಿಪೇರಿ ಅಂಗಡಿಯ ನೆತ್ತಿ ಮೇಲೆ
ನಮ್ಮ ಹೂಡಿಕೆ ಪತ್ರಿಕೆಯ ಕಚೇರಿ:
ಎರಡು ಮೇಜು, ಒಂದು ಪ್ರಿಂಟರ್,
ಇನ್ನೂರ ಹನ್ನೊಂದು ವಿಳಾಸ.

ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ವಾಮದೇವಪ್ಪನವರು
ಈ ತಿಂಗಳು ಹೊಸ ಕಾನೂನು ತಂದರು:
‘ಎಲ್ಲ ಕಲಸಿ ಬಡಿಸಿದ್ದು ಸಾಕು ಕಣಮ್ಮ.
ಕ್ರಿಯಾಪದ ನೋಡು, ಪುಟ ಗೊತ್ತಾಗುತ್ತೆ.’

ಏರಿದೆ ಅಂದರೆ ಸುದ್ದಿ. ಮೊದಲ ಪುಟ.
ಏರಲಿದೆ ಅಂದರೆ ಅಂದಾಜು; ಕೆಳಗೆ ಅವರ ಸಹಿ ಬೇಕು.
ಏರುತ್ತಂತೆ, ಗೋಪಿ ಸರ್ಕಲ್ಲಿನ ಕಾಫಿ ಮಾತು, ಬುಟ್ಟಿಗೆ.
ಏರಲಿ ಎಂಬುದು ಹರಕೆ, ಅಚ್ಚು ಹಾಕುವ ಹಾಗಿಲ್ಲ.
ಏರೀತು?
ಪೆನ್ನಿನ ಕ್ಯಾಪು ಕಚ್ಚಿ ಕೂತರು.
ಆಸೆಯೂ ಹೌದು, ಎಚ್ಚರಿಕೆಯೂ ಹೌದು.
ಇರಲಿ, ಕೊನೆಯ ಪುಟದಲ್ಲಿ ಅರ್ಧ ಅಂಕಣ.

ಎರಡು ದಿನ ಕತ್ತರಿಸಿದೆ, ಅಂಟಿಸಿದೆ.

ಮೂರನೆಯ ದಿನ ಗಾಡಿಕೊಪ್ಪದಿಂದ ಒಂದು ಕಾರ್ಡು,
ನೂರುನ್ನೀಸಾ, ಬ್ಲೌಸು ಹೊಲಿಯುವವರು:
‘ಮಾರ್ಚಿನ ಸಂಚಿಕೆ ಓದಿ ನಲವತ್ತು ಸಾವಿರ ಹಾಕಿದೆ.
ಇಪ್ಪತ್ತಾರು ಉಳಿದಿದೆ. ಸಿಟ್ಟಿಲ್ಲ ಸಾರ್.
ಅವತ್ತು ನೀವು ಬರೆದದ್ದು ಗೊತ್ತಿದ್ದೋ, ಅನಿಸಿದ್ದೋ,
ಅಷ್ಟು ತಿಳಿಸಿ.’

ಮಾರ್ಚ್ ತೆಗೆದೆವು.
ಮೊದಲ ಪುಟ, ಎರಡನೇ ಸಾಲು: ಕಂಪನಿಯ ಲಾಭ ಏರಿದೆ.
ಅವರ ಕೈಬರಹದಲ್ಲಿ ಒಂದು ‘ಲ’ ಇತ್ತು.
ಅದು ಉದುರಿ, ಗುಡಿಸು ಪಕ್ಕದ ‘ರ’ಕಾರಕ್ಕೆ ಹಾರಿ ಕೂತಿತ್ತು.
ಟೈಪ್ ಮಾಡಿದವಳು ನಾನು.

‘ತಪ್ಪಿಗೆ ಒಂದು ಪುಟ ಮಾಡಿಲ್ಲವಲ್ಲ ಸಾರ್’ ಎಂದೆ.
ಕೆಳಗೆ ಯಾವುದೋ ಗಡಿಯಾರ ತಪ್ಪು ಹೊತ್ತಿಗೆ ಹನ್ನೊಂದು ಹೊಡೆಯಿತು.
ಅವರು ಮಾತಾಡದೆ
ಸುದ್ದಿಯನ್ನೆಲ್ಲ ಒಂದು ಪುಟ ಹಿಂದಕ್ಕೆ ತಳ್ಳಿದರು.